ಪೈಪ್ ಸೌಕಾರನ ಮುರಿದ ನಳಿಕೆ

ಏಪ್ರಿಲ್ ೧೫, ಮಂಗಳವಾರ

ಇಂದು ಮುಂಜಾನೆ ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ, ತೊಗರಿಯ ದರ ಮತ್ತೆ ಇಳಿಯಿತೆಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ, ನನ್ನ ಪೈಪಿನ ನಳಿಕೆ ನನ್ನ ಹಲ್ಲುಗಳ ನಡುವೆಯೇ ಸ್ವರ್ಗಸ್ಥವಾಯಿತು. ತಂಬಾಕು ತುಂಬುವ ಬಟ್ಟಲು ಕ್ಷೇಮ. ಬಟ್ಟಲಿನಿಂದ ಬಾಯಿಗೆ ಹೊಗೆ ತರುವ ಕಪ್ಪು ನಳಿಕೆ ಮಾತ್ರ ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಸವೆದಿತ್ತು, ಇವತ್ತು ಕಟ್ಟೆಂದಿತು. ಅಂಗಡಿಯ ಹಮಾಲರು ತುಸು ಹೊತ್ತು ತಲೆ ತಗ್ಗಿಸಿ ನಿಂತರು. ಶೋಕಕ್ಕಲ್ಲ, ನಗು ಮುಚ್ಚಿಕೊಳ್ಳಲಿಕ್ಕೆ.

ಗಂಜಿನಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟುಕೊಂಡ, ನನ್ನಂತೆ ಮಹಾದೇವ ಎಂಬ ಹೆಸರಿನವರು ಎಷ್ಟೋ ಜನ ಇದ್ದಾರೆ. ಪೈಪ್ ಸೌಕಾರ ಒಬ್ಬನೇ. ತೊಗರಿ ತಂದ ರೈತರು ಹೊಗೆ ಎಲ್ಲಿಂದ ಏಳುತ್ತಿದೆ ಎಂದು ನೋಡಿ ನನ್ನ ಅಂಗಡಿ ಗುರುತು ಹಿಡಿಯುತ್ತಾರೆ. ಆದ್ದರಿಂದ ಇದು ಬರೀ ನಳಿಕೆಯ ಪ್ರಶ್ನೆಯಲ್ಲ, ಫರ್ಮಿನ ಪ್ರಶ್ನೆ.

ಮುರಿದ ಚೂರು ಎಡಗೆನ್ನೆಯ ಒಳಗೆ ಗೀರಿ ರಕ್ತ ಬಂತು. ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಗೀರಿನ ಬಗ್ಗೆ ಆಸಕ್ತಿಯನ್ನೇ ತೋರಿಸಲಿಲ್ಲ. ಅದರ ಪಕ್ಕಕ್ಕೆ ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ನಳಿಕೆ ದಿನಾ ಒರಗುವ ಜಾಗದಲ್ಲಿ ಒಂದು ಬಿಳಿ ಮಚ್ಚೆ ಇದೆಯಂತೆ.

“ಖಾರ ಉಂಡ್ರ ಉರೀತದೇನ್ರಿ?” ಎಂದು ಕೇಳಿದರು.

“ಕಲಬುರಗ್ಯಾಗ ಖಾರ ಉಂಡ್ರ ಯಾರಿಗ್ ಉರಿಯಂಗಿಲ್ರಿ? ಉರೀಲಿ ಅಂತೇ ಉಣ್ತೀವಿ” ಎಂದೆ. ಅವರು ನಗಲಿಲ್ಲ.

ಎರಡು ವಾರ ತಂಬಾಕು ಮುಟ್ಟಬಾರದು. ಆಮೇಲೂ ಮಚ್ಚೆ ಹಾಗೇ ಇದ್ದರೆ ಅದರದೊಂದು ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಕ್ಯಾನ್ಸರ್ ಎಂಬ ಶಬ್ದವನ್ನು ಅವರೂ ಆಡಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಸಭ್ಯರು.

ಮನೆಗೆ ಬಂದು ಸುನಂದಾಗೆ ನಳಿಕೆ ಮುರಿದ ಸುದ್ದಿಯನ್ನಷ್ಟೇ ಹೇಳಿದೆ. “ಛಲೋ ಆತು” ಎಂದಳು. ಮದುವೆಯಾದಂದಿನಿಂದ ನನ್ನ ಪೈಪಿನ ಬಗ್ಗೆ ನನ್ನ ಹೆಂಡತಿಯ ಸಂಪೂರ್ಣ ಅಭಿಪ್ರಾಯ ಇಷ್ಟೇ.

ಗೊಬ್ಬರದ ಕಂಪನಿ ಕೊಟ್ಟ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ. ಇಲ್ಲಿ ಇತ್ಯರ್ಥವಾಗಬೇಕಾದ ವಿಷಯ ಒಂದೇ: ಹೊಸ ನಳಿಕೆ ಹಾಕಿಸುವುದೋ, ಬೇಡವೋ. ಹಾಕಿಸಿದರೆ ಸೇದುತ್ತೇನೆ. ನನ್ನ ಬಗ್ಗೆ ನನಗೆ ಅಷ್ಟು ಗೊತ್ತಿದೆ.

ಏಪ್ರಿಲ್ ೧೭, ಗುರುವಾರ

ಹಾಕಿಸಬೇಕು ಎನ್ನುವವರ ಪಕ್ಷಕ್ಕೆ ಇಂದು ಬಲವಾದ ಸಾಕ್ಷಿ ಸಿಕ್ಕಿತು.

ತೊಗರಿ ಒಣಗಿದೆಯೋ ಹಸಿ ಇದೆಯೋ ತಿಳಿಯಲು ಈಗ ಮಷಿನ್ ಬಂದಿದೆ. ನನ್ನ ಅಂಗಡಿಯಲ್ಲಿ ಮಾತ್ರ ಇನ್ನೂ ಹಲ್ಲೇ ಮಷಿನ್. ಪೈಪು ತೆಗೆದು, ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತೇನೆ. ಕಟಕ್ ಎಂದರೆ ಒಣ ಮಾಲು, ಮೆತ್ತಗೆ ಚಪ್ಪಟೆಯಾದರೆ ಹಸಿ. ಎಡದವಡೆಯಲ್ಲಿ ಕಡಿದು ಪಳಗಿದವನು ನಾನು. ಇಂದು ಬಲದವಡೆಯಲ್ಲಿ ಕಡಿದೆ. ಮಹಾಗಾಂವದ ಖಂಡೆಪ್ಪನ ತೊಗರಿ ಹಸಿ ಎಂದು ತೀರ್ಪು ಕೊಟ್ಟೆ.

“ಏನ್ರಿ ಸೌಕಾರ್ರ, ಪೈಪಿನ ಸಂಗಾಟ ಹಲ್ಲೂ ಮುರಕೊಂಡ್ರೇನು?” ಎಂದ ಖಂಡೆಪ್ಪ, ಎಲ್ಲರಿಗೂ ಕೇಳುವಂತೆ. “ಈ ಬಿಸಲಾಗ ನಾನs ಒಣಗಿ ಕಟಗಿ ಆಗೀನಿ, ನನ್ನ ತೊಗರಿ ಹಸಿ ಅಂತೀರಲ್ಲ!”

ಪಕ್ಕದ ಅಂಗಡಿಯಿಂದ ಮಷಿನ್ ತರಿಸಿದರು. ಖಂಡೆಪ್ಪನೇ ಸರಿ. ಗಂಜಿನಲ್ಲಿ ನನ್ನ ಹಲ್ಲು ತಪ್ಪಿದ್ದು ಇದೇ ಮೊದಲು. ಪೈಪಿಲ್ಲದ ಬಾಯಿಗೆ ಇದೇ ಗತಿ.

ಮಧ್ಯಾಹ್ನ ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಸುನಂದಾ ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ತೆರೆದು ಚಮಚ ಹಿಡಿದಳು. “ಬ್ಯಾಡ. ಬಿಸಲು ಭಾಳ ಅದ. ಮಸರ ಹಾಕು” ಎಂದೆ.

“ಹಿಂಡಿ ಬ್ಯಾಡ?”

“ಬ್ಯಾಡ.”

“ಶೇಂಗಾ ಹಿಂಡಿ?”

“ಬ್ಯಾಡ ಅಂದ್ನೆಲ್ಲ.”

ಚಮಚ ಕೆಳಗಿಟ್ಟಳು. ಆಮೇಲೆ ಡಬ್ಬಿ ಮುಚ್ಚಿದಳು. ಬಿಸಿಲಿನ ನೆಪ ಚೆನ್ನಾಗಿ ನಡೆಯಿತು.

ಏಪ್ರಿಲ್ ೧೯, ಶನಿವಾರ

ಕಲಬುರಗಿಯಲ್ಲಿ ಪೈಪು ರಿಪೇರಿ ಮಾಡುವವರು ಯಾರೂ ಇಲ್ಲ, ಏಕೆಂದರೆ ಪೈಪು ಸೇದುವವರು ಯಾರೂ ಇಲ್ಲ. ಯೋಚಿಸಿ ಯೋಚಿಸಿ ದರ್ಗಾದ ಹತ್ತಿರದ ರೋಜಾ ಬಡಾವಣೆಯ ವಹಾಬನ ಬಳಿಗೆ ಹೋದೆ. ವಹಾಬನದು ಮದುವೆಯ ಬ್ಯಾಂಡ್ ಕಂಪನಿ. ನನ್ನ ಮದುವೆಯ ಮೆರವಣಿಗೆಯಲ್ಲಿ ಕ್ಲಾರಿನೆಟ್ ಊದಿದ್ದು ಇವನ ಅಪ್ಪ. ಇವನು ಊದುವುದರ ಜೊತೆಗೆ ಊರಿನ ಕೆಟ್ಟ ಕ್ಲಾರಿನೆಟ್ಟುಗಳನ್ನೆಲ್ಲ ತಿದ್ದುತ್ತಾನೆ. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಅವನ ಹೆಂಡತಿ ಕುಲ್ಸುಮ್ ಬ್ಲೌಸು ಹೊಲಿಯುತ್ತಾಳೆ. ಸುನಂದಾಳ ಬ್ಲೌಸುಗಳೆಲ್ಲ ಅಲ್ಲಿಯವೇ.

“ಆವೋ ಸೌಕಾರ್ ಸಾಬ್! ಯಾರ್ದು ಮದಿವಿ?”

“ಮದಿವಿ ಅಲ್ಲೋ, ಪೇಷಂಟ್ ತಂದೀನಿ” ಎಂದು ಕರ್ಚೀಫು ಬಿಚ್ಚಿದೆ.

ವಹಾಬ ಮುರಿದ ನಳಿಕೆಯನ್ನು ಮೂಸಿದ, ಉಗುರಿನಿಂದ ಕೆರೆದ. “ಅರೆ, ಇದು ನಮ್ ಕ್ಲಾರಿನೆಟ್ ಜಾತೀದೇ ಅದಲ್ಲ. ಎಬೊನೈಟ್!” ಎಂದವನೇ ಅಟ್ಟದಿಂದ ಒಂದು ಕಪ್ಪು ಕೋಲು ಇಳಿಸಿದ. “ಇದರಾಗ ಕಡೀತೀನಿ. ಮೊದಲ ಆಕಾರ, ಆಮ್ಯಾಲ ಪಾಲಿಶ್, ಕಡೀಕ ತೂತು. ಹೈದರಾಬಾದಿನವ್ರು ಬಂದು ನೋಡಿ ಹೋಗಬೇಕು, ಹಂಗ್ ಮಾಡ್ತೀನಿ.” ಹೋದ ವರ್ಷ ಇವನು ರಿಪೇರಿ ಮಾಡಿದ ಒಂದು ಕ್ಲಾರಿನೆಟ್ ವರ ಕುದುರೆ ಏರುವ ಹೊತ್ತಿಗೆ ಎರಡಾಗಿತ್ತು. ಅದನ್ನು ನಾನು ನೆನಪಿಸಲಿಲ್ಲ.

ಹಳೆಯ ನಳಿಕೆಗೇ ಬೇರೆ ತುದಿ ಕೂಡಿಸಲು ಆಗುವುದಿಲ್ಲವೇ ಎಂದು ಕೇಳಿದೆ. ಅವನಿಗೆ ಸಿಟ್ಟೇ ಬಂತು. “ಬಾಜಾ ಅಪ್ಪಂದು ಮಗಗ ಬರ್ತದ ಸಾಬ್, ಬಾಯಿ ಅವರವರ್ದು. ಅಬ್ಬಾ ಹೋದಾಗ ಅವರ್ದು ಬಾಜಾ ನಾ ಇಟಗೊಂಡೆ, ಊದೋ ಬಾಯಿ ಬಿಚ್ಚಿ ಪೆಟಗ್ಯಾಗ ಇಟ್ಟೆ. ನಮ್ಮ ಮಂದ್ಯಾಗ ಒಬ್ಬರ ಬಾಯಿ ಒಬ್ಬರು ಹಚಗೊಳ್ಳಲ್ಲ. ತೇಪೆ ಹಚ್ಚಿದ್ದಂತೂ ಬಿಲ್ಕುಲ್ ಇಲ್ಲ. ಬರ್ರಿ, ಇದು ಕಚ್ರಿ.”

ಮೇಣದ ತುಂಡು ಕೊಟ್ಟ. ಊದುವವರ ಹಲ್ಲಿನ ಅಳತೆ ಹೀಗೇ ತೆಗೆಯುತ್ತಾನಂತೆ. ಅಭ್ಯಾಸಬಲದಿಂದ ಎಡಕ್ಕೇ ಕಚ್ಚಿದೆ. ಕಣ್ಣಲ್ಲಿ ನೀರು ಬಂತು. ಕುಲ್ಸುಮ್ ಹೊಲಿಗೆ ನಿಲ್ಲಿಸಿ ಕತ್ತೆತ್ತಿ ನೋಡಿದಳು.

“ಈ ಸಲ ಬಲಕ್ಕ ಕೂಡೂಹಂಗ ಮಾಡೋ” ಎಂದೆ.

“ಅದ್ಹೆಂಗಾಗ್ತದ ಸಾಬ್? ನಾ ನಳಿಕಿ ಮಾಡಾಂವ, ಹಲ್ಲು ತಿರುಗ್ಸಾಂವ ಅಲ್ಲ.”

ಬಸವ ಜಯಂತಿಯ ದಿನ ಮದುವೆಗಳ ಜಾತ್ರೆ. ಅದು ಮುಗಿಯುವವರೆಗೆ ಕೈ ಬಿಡುವಿಲ್ಲವಂತೆ. ಆಮೇಲೆ ಬರಲು ಹೇಳಿದ. ಮಾಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೇಣ ಅವನ ಬಳಿ ಇದೆ.

ಏಪ್ರಿಲ್ ೨೨, ಮಂಗಳವಾರ

ಪಲ್ಯಕ್ಕೆ ಖಾರವೇ ಇಲ್ಲ. ಬೇಳೆ ಸಪ್ಪೆ. ಸುನಂದಾಳ ಕೈರುಚಿ ಕೆಡುತ್ತಿದೆ. ವಯಸ್ಸು ಯಾರನ್ನೂ ಬಿಡುವುದಿಲ್ಲ.

ಏಪ್ರಿಲ್ ೨೪, ಗುರುವಾರ

ಕನ್ನಡಿಯ ಮುಂದೆ ಮೊಬೈಲಿನ ದೀಪ ಹಿಡಿದು ಬಾಯಿ ತೆರೆದು ನಿಂತಿದ್ದೆ. ಮಚ್ಚೆ ಚಿಕ್ಕದಾಗಿದೆ ಎನ್ನಿಸಿತು. ದೀಪ ಸರಿಸಿದರೆ ದೊಡ್ಡದಾಗಿದೆ ಎನ್ನಿಸಿತು. ಹಿಂದೆ ಸುನಂದಾ ನಿಂತಿದ್ದಳು.

“ಏನ್ ನೋಡ್ಲಾಕತ್ತೀರಿ?”

“ಹಲ್ಲು.”

“ಇನ್ನಾ ಅವಾವೇನ್ರಿ?” ಎಂದು ಹೋದಳು.

ಇಂದೂ ಊಟ ಸಪ್ಪೆ. ಕೇಳಿದರೆ ಖಾರಪುಡಿ ಮುಗಿದಿದೆಯಂತೆ. ನಮ್ಮ ಅಂಗಡಿಯ ಎದುರಿಗೇ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳು ಗುಡ್ಡದಂತೆ ಬಿದ್ದಿವೆ, ತರುತ್ತೇನೆ ಎಂದೆ. “ಅವಸರ ಏನದ” ಎಂದಳು. ಖಾರಪುಡಿಗೆ ಅವಸರವಿಲ್ಲ ಎನ್ನುವ ಹೆಂಗಸನ್ನು ಈ ಜಿಲ್ಲೆಯಲ್ಲಿ ಮೊದಲ ಸಲ ನೋಡಿದೆ.

ಏಪ್ರಿಲ್ ೨೭, ಭಾನುವಾರ

ಕಮಲಾಪುರಕ್ಕೆ ಹೋಗಿ ಬಂದೆ. ಅಕ್ಕನನ್ನು ನೋಡಿ ಬಹಳ ದಿನವಾಯಿತು ಎಂದು ಸುನಂದಾಗೆ ಹೇಳಿದೆ. ನಿಜವಾದ ಕಾರಣ ಬೇರೆ.

ಅಕ್ಕ ಕಸ್ತೂರಿಬಾಯಿಯ ಗಂಡ ಅಣವೀರಪ್ಪ ಮಾಮಾ ಕೆಂಪು ಬಾಳೆಯ ತೋಟದವರು. ಹಣ್ಣು ಮಾರಲು ಹೈದರಾಬಾದಿಗೆ ಹೋದಾಗ ಒಂದೇ ನಮೂನೆಯ ಎರಡು ಪೈಪು ತಂದು, ಒಂದನ್ನು ತಾವು ಇಟ್ಟುಕೊಂಡು ಇನ್ನೊಂದನ್ನು ನನಗೆ ಕೊಟ್ಟಿದ್ದರು. ಸೇದಲು ಕಲಿಸಿದ ಗುರುಗಳೂ ಅವರೇ. ಈಗ ಅವರು ಸೇದುವುದಿಲ್ಲ. ಹೋದ ವರ್ಷ ಕ್ಯಾನ್ಸರಾಗಿ ಅವರ ದವಡೆಯ ಎಡಭಾಗವನ್ನು ತೆಗೆದರು. ಅದು ಗುಟ್ಕಾದಿಂದ ಆದದ್ದು ಎಂದು ನಾನು ಗಂಜಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಮಾಮಾ ಗುಟ್ಕಾ ತಿಂದದ್ದನ್ನು ನಾನು ನೋಡಿಲ್ಲ. ಆದರೆ ಹಾಗೆ ಹೇಳುವುದು ಪೈಪಿನವರಿಗೆ ಅನುಕೂಲ.

ಅವರ ಪೈಪು ಸುಮ್ಮನೆ ಬಿದ್ದಿರಬೇಕು, ಅದರ ನಳಿಕೆ ನನ್ನ ಬಟ್ಟಲಿಗೆ ಕೂಡುತ್ತದೆ, ವಹಾಬನನ್ನು ಕಾಯುವುದೇಕೆ? ಇದು ನನ್ನ ಲೆಕ್ಕಾಚಾರ. ಬಟ್ಟಲನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಸ್ಸು ಹತ್ತಿದ್ದೆ.

“ಬಾ ತಮ್ಮಾ, ಹಾದಿ ತಪ್ಪಿ ಬಂದೇನು?” ಎಂದಳು ಅಕ್ಕ. ಪೈಪಿನ ವಿಷಯ ಎತ್ತಿದೆ. “ಬಟ್ಟಲು ಎಲ್ಲಿ ಹೋತೋ. ಉದ್ದಂದು ಅದ, ನನ್ನ ಕಡಿ” ಎಂದು ಹೊಲಿಗೆಯ ಡಬ್ಬಿ ತಂದಳು. ಸೂಜಿ ದಾರಗಳ ನಡುವೆ ಮಾಮಾನ ನಳಿಕೆ ಮಲಗಿತ್ತು. ಅದರ ತೂತಿನಿಂದ ಒಂದು ಬಿಳಿ ಲಾಡಿ ಇಳಿಬಿದ್ದಿತ್ತು.

“ಲಂಗಕ್ಕ ಲಾಡಿ ಏರಸ್ಲಾಕ ಇದರಂಥದು ಇಲ್ಲ ನೋಡು. ಪಿನ್ನಾದ್ರ ಚುಚ್ಚತದ, ಇದು ಸರಸರ ಹೋಗ್ತದ. ಓಣ್ಯಾಗಿನ ಹೆಣ್ಮಕ್ಕಳೆಲ್ಲ ಇಸಗೊಂಡು ಹೋಗ್ತಾರ. ಬೇಕಾದ್ರ ಒಯ್ಯಿ, ಖರೆ ಹೊಳ್ಳಿ ಕೊಡು. ಇನ್ನಾ ಎರಡು ಲಂಗ ಉಳದಾವ.”

ಲಾಡಿ ಎಳೆದು ತೆಗೆದು ನಳಿಕೆಯನ್ನು ನನ್ನ ಬಟ್ಟಲಿಗೆ ಕೂಡಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬೆಳಕಿಗೆ ಹಿಡಿದು ನೋಡಿದೆ. ತುದಿಯ ಎಡಗಡೆ ಹಲ್ಲಿನ ಗುರುತು ಆಳವಾಗಿ ಬಿದ್ದಿದೆ. ನನ್ನದರಲ್ಲಿ ಇದ್ದ ಜಾಗದಲ್ಲೇ. ತುಟಿಯ ಹತ್ತಿರದವರೆಗೆ ತಂದೆ. ಒಬ್ಬರ ಬಾಯಿ ಒಬ್ಬರು ಹಚ್ಚಿಕೊಳ್ಳುವುದಿಲ್ಲ ಎಂದಿದ್ದನಲ್ಲ ವಹಾಬ. ಕೈ ಇಳಿಸಿದೆ.

ಮಾಮಾ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು, ಹೆಗಲ ಮೇಲೊಂದು ಟವೆಲು. ಮುಖದ ಒಂದು ಬದಿ ಒಳಕ್ಕೆ ಹೋಗಿದೆ. ಅಕ್ಕ ಅವರಿಗೆ ಕೆಂಪು ಬಾಳೆಹಣ್ಣನ್ನು ಹಾಲಿನಲ್ಲಿ ಕಿವುಚಿ ಕೊಟ್ಟಳು, ನನಗೆ ಇಡೀ ಹಣ್ಣು. ನಾನು ತಿನ್ನುವುದನ್ನು ಮಾಮಾ ಹಾಲಿನ ಬಟ್ಟಲು ಕೆಳಗಿಟ್ಟು ನೋಡುತ್ತಾ ಕೂತರು. “ನೋಡು ಹೆಂಗ್ ನೋಡ್ತಾರ, ನನ್ನ ಹಣ್ಣು ತಿಂದ ಅಂತ” ಎಂದು ನಗುತ್ತಾ ಅಕ್ಕ ಚಹಾ ಮಾಡಲು ಒಳಗೆ ಹೋದಳು.

ಅವಳು ಮರೆಯಾದ ಮೇಲೆ ಮಾಮಾ ಕೈ ಚಾಚಿ ಒಂದು ಬೆರಳನ್ನು ನನ್ನ ಎಡಗೆನ್ನೆಯ ಮೇಲೆ ಇಟ್ಟರು. ಮೆಲ್ಲಗೆ ಒತ್ತಿದರು. ನಾನು ಹಿಂದಕ್ಕೆ ಸರಿದೆ.

ಅವರ ಮಾತು ಈಗ ಒದ್ದೆ ಬಟ್ಟೆಯೊಳಗಿಂದ ಬಂದಂತೆ ಬರುತ್ತದೆ. ಒಂದೊಂದೇ ಶಬ್ದ ಹೊರಗೆ ಹಾಕಿದರು.

“ನಾ… ಸುಗ್ಗಿ… ಮುಗ್ಯಲಿ… ಅಂದಿದ್ದೆ.”

ಅಕ್ಕ ಚಹಾ ತಂದಳು. “ಏನಂತಾರ?”

“ಸುಗ್ಗಿ ಸುದ್ದಿ” ಎಂದೆ.

“ಈಗ್ಯಾವ ಸುಗ್ಗಿನೋ, ಏನೋ” ಎಂದಳು.

ನಳಿಕೆಗೆ ಲಾಡಿಯನ್ನು ಮತ್ತೆ ಪೋಣಿಸಿ ಡಬ್ಬಿಯಲ್ಲಿ ಇಟ್ಟು ಬಂದೆ. ಲಂಗಗಳು ಕಾಯುತ್ತಿದ್ದವು.

ಬಸ್ಸಿನಲ್ಲಿ ತೊಡೆಯ ಮೇಲೆ ಅಕ್ಕ ಕೊಟ್ಟ ಬಾಳೆಹಣ್ಣಿನ ಚೀಲ. ಮಹಾಗಾಂವ ಕ್ರಾಸ್ ಬರುವವರೆಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಹಲ್ಲೇ ಬೇಡದಂಥ ಹಣ್ಣನ್ನು ನಾನು ಒಂದೇ ಬದಿಯಲ್ಲಿ ಅಗಿಯುತ್ತಿದ್ದೆ. ಅದನ್ನು ಮಾಮಾ ಗುರುತು ಹಿಡಿದರು.

ಏಪ್ರಿಲ್ ೨೯, ಮಂಗಳವಾರ

ಡಾಕ್ಟರರು ಬರಹೇಳಿದ ದಿನ ಇದು. ಆದರೆ ನಾಳೆ ಬಸವ ಜಯಂತಿ. ಹಬ್ಬದ ಹಿಂದಿನ ದಿನ ಬಾಯಿ ಕತ್ತರಿಸಿಕೊಂಡು ಬರುವುದು ಶೋಭೆಯಲ್ಲ. ಹಬ್ಬ ಮುಗಿಯಲಿ.

ಏಪ್ರಿಲ್ ೩೦, ಬುಧವಾರ

ನಮ್ಮ ಓಣಿಯಲ್ಲೇ ಎರಡು ಮದುವೆಯ ಮೆರವಣಿಗೆ ಹಾದು ಹೋದವು. ಎರಡನೆಯದರ ಮುಂದೆ ವಹಾಬ, ಕೆಂಪು ಕೋಟಿನಲ್ಲಿ ಬೆವೆತು ಹೋಗಿದ್ದ. ನನ್ನನ್ನು ನೋಡಿ ಊದುತ್ತಲೇ ಹುಬ್ಬು ಕುಣಿಸಿ, ನಾಡಿದ್ದು ಬನ್ನಿ ಎಂದು ಎರಡು ಬೆರಳು ತೋರಿಸಿದ. ಸುನಂದಾಳ ಕಡೆಗೂ ತಲೆ ಬಾಗಿಸಿದ. ಅಷ್ಟು ವಿನಯ ಅವನಲ್ಲಿ ಎಂದೂ ಕಂಡಿರಲಿಲ್ಲ.

ನಿನ್ನೆ ಬರೆದದ್ದನ್ನು ಓದಿದೆ. ‘ಹಬ್ಬ ಮುಗಿಯಲಿ.’ ಆ ಮಾತು ಎಲ್ಲಿಯೋ ಕೇಳಿದಂತಿದೆ.

ಮೇ ೨, ಶುಕ್ರವಾರ

ನಿಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ವಹಾಬನಿಂದ ನಳಿಕೆ ತಂದೆ. ಅವನು ಕೈಗೆ ಕೊಟ್ಟು, ನನ್ನ ಮುಖ ನೋಡದೆ ಢೋಲಿನ ಹಗ್ಗ ಬಿಗಿಯುತ್ತಾ ಕೂತ. ಕೆಲಸ ಸುಂದರವಾಗಿದೆ, ಹಾವಿನ ಬೆನ್ನಿನಂಥ ಹೊಳಪು. ಉರುಸು ಹತ್ತಿರ ಬಂತೆಂದು ರೋಜಾದ ಲಾಡ್ಜುಗಳಿಗೆ ಸುಣ್ಣ ಬಳಿಯುತ್ತಿದ್ದರು. ಆ ಗದ್ದಲದಲ್ಲಿ, ಮಾಡುತ್ತಿರುವುದು ಪಾಪ ಎಂಬ ಯೋಚನೆ ಬರಲಿಲ್ಲ. ಅಂಗಡಿಗೆ ಬಂದು, ಗಾದಿಯ ಮೇಲೆ ಕೂತು, ಬಟ್ಟಲಿಗೆ ತಂಬಾಕು ತುಂಬಿದೆ. ಹಮಾಲರು ನೋಡಲು ನೆರೆದರು. ಕಡ್ಡಿ ಗೀರಿ ಎಳೆದೆ.

ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಕಣ್ಣುಗುಡ್ಡೆ ಹೊರಗೆ ಬರುವುದೊಂದು ಬಾಕಿ. ನಳಿಕೆ ಬಿಚ್ಚಿ ಬಿಸಿಲಿಗೆ ಹಿಡಿದೆ. ಈ ಕಡೆಯಿಂದ ಆ ಕಡೆ ಏನೂ ಕಾಣಲಿಲ್ಲ. ತೂತೇ ಇಲ್ಲ.

ಆಟೋ ಹಿಡಿದು ವಾಪಸು ಹೋದೆ.

“ತೂತು ಹಾಕೋದs ಮರ್ತೆಲ್ಲೋ!”

“ಮರ್ತಿಲ್ಲ ಸಾಬ್” ಎಂದ ವಹಾಬ. “ನಿಮ್ಮ ಮನಿ ಅಕ್ಕೋರು ಬಂದಿದ್ರು. ಕುಲ್ಸುಮ್ ಕಡಿ ಬ್ಲೌಜ್ ಕೊಡ್ಲಾಕ. ಮೇಣ ಕಚ್ಚಿದಾಗ ನಿಮ್ಮ ಕಣ್ಣಾಗ ನೀರು ಬಂದದ್ದು ಈಕಿ ಹೇಳಿಬಿಟ್ಳು. ಆಮ್ಯಾಲ ನನಗ್ ಅಂದ್ರು, ನಳಿಕಿ ಮಾಡು, ತೂತು ಹಾಕಬ್ಯಾಡ. ನಾ ಅಂದೆ, ಅಕ್ಕೋರೆ, ತೂತಿಲ್ದಿದ್ರ ಅದು ಲಾಠಿ ಆಗ್ತದ. ಲಾಠೀನs ಮಾಡು ಅಂದ್ರು. ಬಾಯಾಗ ಹಿಡೀಲಾಕ, ಕೈಯಾಗ ತಿರುಗಸ್ಲಾಕ ಅವರಿಗ್ ಏನರ ಒಂದು ಬೇಕು, ಹೊಗಿ ಬ್ಯಾಡ ಅಂದ್ರು.”

ಕುಲ್ಸುಮ್ ತಲೆ ಎತ್ತದೆ ಹೊಲಿಯುತ್ತಿದ್ದಳು.

“ನನ್ನ ಕೈಲೆ ಇಂಥ ಕೆಲ್ಸ ಎಂದೂ ಆಗಿಲ್ಲ ಸಾಬ್. ಉಸಿರು ಆಡದ್ದು ಮಾಡ್ಲಾಕ ಮನ್ಸು ಬರಲಿಲ್ಲ” ಎಂದು ವಹಾಬ ಡ್ರಿಲ್ ಎತ್ತಿದ. “ನೋಡ್ರಿ, ಸೂಜಿ ಹಚ್ಚಿ ಇಟ್ಟೀನಿ. ನಿಮ್ದು ಪೈಪ್, ನಿಮ್ದು ಬಾಯಿ. ನೀವು ಹೂಂ ಅಂದ್ರ ಎರಡ ನಿಮಿಷದ ಕೆಲ್ಸ. ಅಕ್ಕೋರಿಗಿ ನಾ ಹೇಳ್ಕೋತೀನಿ.”

ಡ್ರಿಲ್ಲಿನ ಕೆಳಗೆ ನಳಿಕೆಯನ್ನು ನಾನೇ ಹಿಡಿದಿದ್ದೆ.

“ಇರಲಿ ಬಿಡು” ಎಂದೆ.

“ಪಕ್ಕಾ?”

“ಲಾಠಿ ಛಲೋ ಆಗ್ಯದ.”

ಮನೆಗೆ ಬಂದಾಗ ಸುನಂದಾ ಬೇಳೆ ಆರಿಸುತ್ತಿದ್ದಳು. ನಳಿಕೆಯನ್ನು ಮೊರದ ಪಕ್ಕದಲ್ಲಿ ಇಟ್ಟೆ.

“ಯಾವಾಗ ಗೊತ್ತಾತು?”

“ಹಿಂಡಿ ಬ್ಯಾಡ ಅಂದ್ರೆಲ್ಲ, ಅವತ್ತು” ಎಂದಳು, ಬೇಳೆಯ ಮೇಲಿನ ಕಣ್ಣು ತೆಗೆಯದೆ. “ನಿಮ್ಮವ್ವ ತೀರಕೊಂಡ ವಾರದಾಗೂ ನೀವು ಹಿಂಡಿ ಬ್ಯಾಡ ಅಂದಾವ್ರಲ್ಲ.”

“ಮತ್ತ ಕೇಳ್ಲಿಲ್ಲ ಯಾಕ?”

“ನೀವs ಹೇಳ್ತೀರಿ ಅಂತ ಹಾದಿ ನೋಡಿದ್ನಿ.” ಮಚ್ಚೆಯ ವಿಷಯ, ಡಾಕ್ಟರ ವಿಷಯ ಎಲ್ಲ ಹೇಳಿದೆ. ಅವಳು ಒಂದು ಕಲ್ಲು ಆರಿಸಿ ಬಿಸಾಡಿದಳು. “ಡಾಕ್ಟರ್ ಎಂದ ಬಾ ಅಂದಾರ?”

“ಮಂಗಳವಾರ ಅಂದಿದ್ರು. ಅದು ಆಗಿ ಹೋತು.”

ಆಗ ಮಾತ್ರ ತಲೆ ಎತ್ತಿ ನೋಡಿದಳು. ಬೈಯಬಹುದಿತ್ತು. “ನಾಳೆ ಮುಂಜಾನೆ ಹೋಗೂಣು. ನಾನೂ ಬರ್ತೀನಿ” ಎಂದಳು.

ಮೇ ೩, ಶನಿವಾರ

ಕತ್ತರಿಸಿದರು. ಮಚ್ಚೆ ಇದ್ದಷ್ಟೇ ಇತ್ತು. ತೆಗೆದದ್ದು ಒಂದು ತೊಗರಿಕಾಳಿನಷ್ಟು. ಹೊಲಿಗೆ ಹಾಕಿದ್ದಾರೆ. ಮಾತಾಡಬಾರದು. ಗಂಜಿನ ಮಂದಿ ಇದನ್ನು ಕೇಳಿದರೆ ಪೇಢೆ ಹಂಚುತ್ತಾರೆ.

ಸಂಜೆ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬೇಕಿತ್ತು. ಸುನಂದಾ ಅಂಬಲಿ ಆರಿಸುತ್ತಿದ್ದಳು, ನಾನೇ ಉಪ್ಪು ಹುಡುಕಲು ಅಡುಗೆಮನೆಯ ಕಪಾಟು ತೆರೆದೆ. ಉಪ್ಪಿನ ಹಿಂದೆ ಖಾರಪುಡಿಯ ಬರಣಿ ಇತ್ತು. ಕಂಠದವರೆಗೆ ತುಂಬಿದೆ.

ನಮ್ಮ ಮನೆಯಲ್ಲಿ ಇಬ್ಬರಿಗೂ ಅಡುಗೆ ಒಂದೇ ಪಾತ್ರೆಯಲ್ಲಿ ಆಗುತ್ತದೆ. ಸುನಂದಾ ಅಫಜಲಪುರದ ಕಡೆಯವಳು, ಹಸಿಮೆಣಸಿನಕಾಯಿ ಕಚ್ಚದೆ ರೊಟ್ಟಿ ಮುರಿಯದವಳು. ಇಷ್ಟು ದಿನ ಅವಳೂ ಅದನ್ನೇ ಉಂಡಿದ್ದಾಳೆ. ಕೈರುಚಿ ಕೆಟ್ಟಿದೆ ಎಂದು ಈ ಡೈರಿಯಲ್ಲಿ ಬರೆದವನು ನಾನು. ಆ ಸಾಲನ್ನು ಹೊಡೆದು ಹಾಕಲು ಪೆನ್ನು ಹಿಡಿದೆ. ಹೊಡೆಯಲಿಲ್ಲ. ಇರಲಿ, ಕಣ್ಣಿಗೆ ಬೀಳುತ್ತಿರಲಿ.

ಮೇ ೭, ಬುಧವಾರ

ಗಂಜಿಗೆ ಹೋಗಿದ್ದೆ. ಮಷಿನ್ ಕೊಂಡೆ. ಕಟಕ್ ಎನ್ನುವುದಿಲ್ಲ, ಬರೀ ಅಂಕಿ ತೋರಿಸುತ್ತದೆ. ಅರಸಿಕ.

ರಿಪೋರ್ಟು ಬಂದಿಲ್ಲ. ಸುನಂದಾ ದಿನಕ್ಕೆ ಎರಡು ಸಲ ಫೋನು ಮಾಡಿ ಕೇಳುತ್ತಾಳೆ. ಆಗೆಲ್ಲ ನಾನು ಪಕ್ಕದ ಕೋಣೆಯಲ್ಲಿ ಬಹಳ ಕೆಲಸವಿದ್ದವನಂತೆ ಕೂತಿರುತ್ತೇನೆ.

ಮೇ ೧೨, ಸೋಮವಾರ

ಬಂತು.

ಡಾಕ್ಟರರು ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿದರು. ಅವರೂ ಸುಮ್ಮನೆ, ನಾನೂ ಸುಮ್ಮನೆ. ಸುನಂದಾಳಿಗೆ ನಮ್ಮಷ್ಟು ಸಭ್ಯತೆ ಇಲ್ಲ.

“ಕ್ಯಾನ್ಸರ್ ಏನ್ರಿ ಡಾಕ್ಟರ್ರ?” ಎಂದು ಕೇಳಿಯೇ ಬಿಟ್ಟಳು.

“ಇನ್ನಾ ಆಗಿಲ್ರಿ” ಎಂದರು ಅವರು. “ಹಂಗs ಬಿಟ್ಟಿದ್ರ ಆಗೂ ಹಾದಿ ಹಿಡದಿತ್ತು.”

ಉಳಿದ ಮಚ್ಚೆಯನ್ನು ಮುಂದಿನ ವಾರ ಪೂರ್ತಿ ತೆಗೆಯುತ್ತಾರೆ. ಮೂರು ತಿಂಗಳಿಗೊಮ್ಮೆ ಬಾಯಿ ತೋರಿಸಬೇಕು. ತಂಬಾಕು ಇನ್ನು ಜನ್ಮದಲ್ಲಿ ಇಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಸುನಂದಾ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ನಿಂತಳು. ನಾನು ಎದುರಿನ ಬೋರ್ಡುಗಳನ್ನೆಲ್ಲ ಓದಿದೆ.

ಕಮಲಾಪುರಕ್ಕೆ ಫೋನು ಮಾಡಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಅತ್ತು, ಬೈದು, ಫೋನನ್ನು ಮಾಮಾನ ಕಿವಿಗೆ ಹಿಡಿದಳು. “ಮಾಮಾ, ಸುಗ್ಗಿ ಮುಗ್ಯೋಮಟಾ ಕಾಯ್ಲಿಲ್ಲ ನಾ” ಎಂದೆ. ಆ ಕಡೆಯಿಂದ ಫೋನಿನ ಮೇಲೆ ಬೆರಳು ಬಡಿದ ಸದ್ದು ಬಂತು, ಮೆಲ್ಲಗೆ.

ಅಂಗಡಿಯಲ್ಲಿ ಖಂಡೆಪ್ಪ ಕೇಳಿದ, “ಪೈಪ್ ಎಲ್ರಿ ಸೌಕಾರ್ರ?” ತಕ್ಕಡಿಯ ಹಿಂದೆ ಇರಬೇಕು ಎಂದೆ. ನೋಡಬೇಕೆಂದುಕೊಂಡೆ, ಚೀಲ ಬಂದವು, ಮರೆತೆ.

ಮಧ್ಯಾಹ್ನ ಮನೆಗೆ ಬಂದರೆ ಓಣಿಯ ತಿರುವಿನಲ್ಲೇ ಮೂಗಿಗೆ ಘಾಟು ಬಡಿಯಿತು. ಅಡುಗೆಮನೆ ಕಾಣದಷ್ಟು ಹೊಗೆ. ಸುನಂದಾ ಮೂಗಿಗೆ ಸೆರಗು ಕಟ್ಟಿಕೊಂಡು ಕೆಂಪು ಮೆಣಸಿನಕಾಯಿ ಹುರಿಯುತ್ತಿದ್ದಳು. ಪಕ್ಕದಲ್ಲಿ ಹುರಿದ ಶೇಂಗಾ, ಬಿಡಿಸಿದ ಬೆಳ್ಳುಳ್ಳಿ.

“ಏನಿದು?” ಎಂದೆ, ಕೆಮ್ಮುತ್ತಾ.

“ಹಿಂಡಿ. ನನಗ. ನಿಮಗ ಮಸರ ಇಟ್ಟೀನಿ, ಸುಮ್ನ ಉಣ್ರಿ” ಎಂದಳು.

ಅವಳ ಎದುರಿಗೇ ಮಣೆ ಹಾಕಿಕೊಂಡು ಮೊಸರನ್ನ ಉಂಡೆ. ಉಣ್ಣುವಾಗ ಕಣ್ಣಲ್ಲಿ ನೀರು ಬಂತು. ಅದು ಮೆಣಸಿನಕಾಯಿಯ ಘಾಟಿಗೆ ಬಂದದ್ದು ಎಂದು ಇಲ್ಲಿ ದಾಖಲಿಸುತ್ತೇನೆ.